ಮಾವನ ಲಾಗಿನ್ ದೂರುಗಳು

ನನ್ನ ಸೋದರಮಾವನಿಗೆ ಫೋನ್ ಮಾಡಲು ಬರುವುದಿಲ್ಲವೆಂದಲ್ಲ. ದೂರು ಹೇಳುವುದಿದ್ದರೆ ಮಾತ್ರ ಭದ್ರಾವತಿಯಿಂದ ಬಸ್ಸು ಹತ್ತಿ ಶಿವಮೊಗ್ಗದ ನಮ್ಮ ಮನೆಗೇ ಬರುತ್ತಾರೆ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ತಪಾಸಣೆ ಮಾಡಿದವರು. ಮದುವೆಯೂಟದ ಹೋಳಿಗೆಯನ್ನೂ ಬೆಳಕಿಗೆ ಹಿಡಿದು ನೋಡಿಯೇ ತಿನ್ನುವವರು. ಇಂಥವರಿಗೆ ನಾನೇಕೆ ವೆಬ್‌ಸೈಟ್ ಮಾಡಿಕೊಟ್ಟೆನೋ, ನೆನೆದರೆ ಈಗಲೂ ಸುಸ್ತಾಗುತ್ತದೆ.

ಮಾವನೂ ಸೇರಿ ಬೆಳಿಗ್ಗೆ ಒಟ್ಟಿಗೆ ವಾಕಿಂಗ್ ಹೋಗುವ ಏಳು ಮಂದಿ ನಿವೃತ್ತರಿಗೆ ದಿನಚರಿ ಬರೆಯುವ ಆಸೆ ಹುಟ್ಟಿತ್ತು. ಹುಟ್ಟಿಸಿದವರು ಮಾವನೇ. ಒಬ್ಬರದು ಇನ್ನೊಬ್ಬರಿಗೆ ಕಾಣಬಾರದು ಎಂಬುದೊಂದೇ ಷರತ್ತು. ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕಿನಲ್ಲಿ ಲಾಗಿನ್ ಸಿದ್ಧವಾಗಿಯೇ ಸಿಗುತ್ತದೆ, ಒಂದು ಭಾನುವಾರದ ಕೆಲಸ ಅಂದುಕೊಂಡೆ.

ಮೊದಲ ವಾರವೇ ಮಾವ ಬಂದರು. ಕೈಯಲ್ಲಿ ದೂರಿನ ಹಾಳೆ, ಕಾರ್ಬನ್ ಪ್ರತಿ ಸಹಿತ.

"ಪಾಸ್‌ವರ್ಡ್ ತಪ್ಪು ಅಂತದೆ ಮಾರಾಯ. ನನ್ನ ಪಾಸ್‌ವರ್ಡ್ ತಪ್ಪು ಅನ್ನೋಕೆ ಅದ್ಯಾರು?"

ನೋಡಿದರೆ, ಕೊನೆಗೊಂದು ಪೂರ್ಣವಿರಾಮ ಹಾಕುತ್ತಿದ್ದರು. "ಬರ್ದು ಮುಗಿದ್ಮೇಲೆ ಹಾಕ್ಬೇಕಲ್ವ?"

ಎರಡನೆಯ ದೂರು: ಒಳಗೆ ಹೋದರೂ ಮತ್ತೆ ಲಾಗಿನ್ ಪುಟವೇ ಬರುತ್ತದೆ. ಎರಡು ದಿನ ಕುಕಿ, ಸೆಷನ್, ಸೆಟ್ಟಿಂಗ್ಸ್ ಎಲ್ಲ ಜಾಲಾಡಿದೆ. ಕೊನೆಗೆ ಪಕ್ಕದಲ್ಲೇ ಕೂರಿಸಿಕೊಂಡು ನೋಡಿದೆ. ಒಳಗೆ ಹೋದ ಕೂಡಲೇ ಅವರೇ ಲಾಗೌಟ್ ಒತ್ತುತ್ತಿದ್ದರು.

"ಬಾಗಿಲು ಮುಚ್ಚುತ್ತೋ ಇಲ್ವೋ ನೋಡ್ಬೇಡ್ವ?"

ಮೂರನೆಯ ಸಲ ಬಂದಾಗ ಕೈಯಲ್ಲಿ ಹಾಳೆ ಇರಲಿಲ್ಲ. ಕಾಫಿ ಮುಟ್ಟಲಿಲ್ಲ.

"ನೀನು ಹೊಸದಾಗಿ ಹಾಕಿದ್ಯಲ್ಲ, ಹಳೇ ದಿನಚರಿ ಅನ್ನೋ ಪುಟ. ಅದರಲ್ಲಿ ಏಳೂ ಜನರದ್ದೂ ಕಾಣ್ತು."

ತಪ್ಪು ನನ್ನದೇ. ಆ ಪುಟದಲ್ಲಿ ಲಾಗಿನ್ ಆಗಿದ್ದಾರೋ ಇಲ್ಲವೋ ಎಂದಷ್ಟೇ ನೋಡಿದ್ದೆ. ಅವರವರ ಬರಹವನ್ನು ಮಾತ್ರ ತೋರಿಸು ಎನ್ನುವ ಸಾಲನ್ನು ಬರೆದಿರಲಿಲ್ಲ. ಅಲ್ಲೇ ಸರಿಪಡಿಸಿ, ಬೇರೆ ಬೇರೆ ಹೆಸರಿನಲ್ಲಿ ತೆರೆದು ಖಾತ್ರಿ ಮಾಡಿಕೊಂಡೆ.

"ಬೇರೆ ಯಾರಾದ್ರೂ ಓದಿದಾರಾ?"

ಸರ್ವರಿನ ದಾಖಲೆ ನೋಡಿದೆ. "ಇಲ್ಲ ಮಾವ, ನನ್ನ ಬಿಟ್ರೆ ಆ ಪುಟ ತೆರೆದಿರೋದು ನೀವೊಬ್ಬರೇ."

"ಸದ್ಯ" ಎಂದರು. ಆಮೇಲೆ ಕಾಫಿ ಲೋಟ ತಿರುಗಿಸುತ್ತ, "ಒಬ್ರು ಬರ್ದಿದಾರೆ. ವಾಕಿಂಗ್ ಮುಗಿಸಿ ಮನೆಗೆ ಹೋಗೋ ದಾರಿ ಎರಡು ಸಲ ಮರ್ತೋಯ್ತಂತೆ. ಮನೇಲಿ ಹೇಳೋಕೆ ಹೆದರಿಕೆಯಂತೆ."

ಯಾರೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ತಿಂಗಳ ನಂತರ ಅತ್ತೆ ಫೋನಿನಲ್ಲಿ ಗೊಣಗಿದರು. "ನಿಮ್ಮ ಮಾವ ವಾಕಿಂಗಿಂದ ಬರೋದು ದಿನಾ ಅರ್ಧ ಗಂಟೆ ತಡ. ಯಾರೋ ಸ್ನೇಹಿತರ ಜೊತೆ ಅವರ ಮನೆ ಗೇಟಿನವರೆಗೂ ಹೋಗ್ತಾರೆ. ಕೇಳಿದ್ರೆ ಆ ಕಡೆ ಅಂಗಡೀಲಿ ಹಾಲು ಚೆನ್ನಾಗಿರುತ್ತೆ ಅಂತಾರೆ. ನಮಗೆ ಹಾಲು ಬಾಗಿಲಿಗೇ ಬರುತ್ತೆ ಕಣೋ."

"ಇರ್ಲಿ ಅತ್ತೆ, ತರ್ಲಿ ಬಿಡಿ" ಎಂದೆ. "ಮೊಸರು ಮಾಡಿ."