ಮಾಳಿಗೆ ಮೇಲಿನ ಪೇಟೆಂಟ್ ಕೇಸು

ನನ್ನ ಕೆಲಸ ಏನೆಂದು ಯಾರಿಗಾದರೂ ಪೂರ್ತಿ ಹೇಳಿ ಮುಗಿಸಿದ ದಿನ ಇನ್ನೂ ಬಂದಿಲ್ಲ. ಅರ್ಧಕ್ಕೇ ಏನಾದರೊಂದು ಆಗಿಬಿಡುತ್ತದೆ. ಮೊಬೈಲ್ ಕಂಪನಿಗಳು ಜರ್ಮನಿ, ಲಂಡನ್, ಚೀನಾ ಕೋರ್ಟುಗಳಲ್ಲಿ ಹೂಡುವ ಪೇಟೆಂಟ್ ದಾವೆಗಳಿಗೆ ಬಸವಕಲ್ಯಾಣದ ಒಂದು ಮಾಳಿಗೆ ಕೋಣೆಯಲ್ಲಿ ಕೂತು ಕಾಗದ ತಯಾರಿಸುತ್ತೇನೆ. ವಕೀಲರೆಲ್ಲ ಅಲ್ಲಿ. ಇಲ್ಲಿ ನಾನೊಬ್ಬನೇ.

ತಾಯ್ತ

ಮನೆ ಮಾಲಕಿ ಕೆಳಗಿನ ಮನೆಯಲ್ಲಿರುತ್ತಾರೆ. ನಾನು ಬಂದ ಮೊದಲ ತಿಂಗಳು ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತರು.

"ಸರ, ದಿನಾ ಒಬ್ರೇ ಮಾತಾಡಾಕತ್ತೀರಿ. ದರ್ಗಾಕ್ಕ ಹೋಗಿ ಒಂದು ತಾಯ್ತ ಕಟ್ಟಿಸ್ಕೊಂಡು ಬರ್ರಿ."

ಕಿವಿಯೊಳಗಿನ ಸಣ್ಣ ಇಯರ್‌ಫೋನ್ ತೆಗೆದು ತೋರಿಸಿದೆ. "ಇದರಾಗ ಜರ್ಮನಿ ವಕೀಲರು ಮಾತಾಡ್ತಾರ್ರಿ, ಅಮ್ಮ."

ಅವರು ಮರುಕದಿಂದ ತಲೆಯಾಡಿಸಿದರು. "ಹೌದ್ರಿ. ನಮ್ಮ ಮೈದುನಗೂ ಕಿವ್ಯಾಗ ಯಾರ್ಯಾರೋ ಮಾತಾಡ್ತಿದ್ರು."

ದಾರಿ

ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ ಹುಡಗಿ ಎಂಬ ಊರಿನ ಒಬ್ಬ ರೈತ ಪಕ್ಕದಲ್ಲಿ ಕೂತಿದ್ದರು. ಏನು ಕೆಲಸ ಎಂದು ಕೇಳಿದರು. ಅಂದು ಮಾತಾಡಲು ಮನುಷ್ಯ ಸಿಕ್ಕ ಖುಷಿಗೆ ಬಿಡಿಸಿ ಹೇಳಿದೆ: ಎಲ್ಲ ಕಂಪನಿಯ ಫೋನುಗಳೂ ಒಂದೇ ಪದ್ಧತಿಯಲ್ಲಿ ಮಾತಾಡಬೇಕು. ಆ ಪದ್ಧತಿಯಲ್ಲಿ ಒಂದಿಷ್ಟು ಭಾಗ ಯಾರದೋ ಸ್ವಂತದ್ದು. ಅದನ್ನು ಬಿಟ್ಟು ಫೋನು ಮಾಡಲು ಆಗುವುದೇ ಇಲ್ಲ. ಅದಕ್ಕೇ ಆ ಭಾಗದ ಒಡೆಯರು ಎಲ್ಲರಿಗೂ ನ್ಯಾಯವಾದ ದರಕ್ಕೆ ಕೊಡುತ್ತೇವೆಂದು ಮಾತು ಕೊಟ್ಟಿರುತ್ತಾರೆ. ನ್ಯಾಯವಾದ ದರ ಯಾವುದು ಎಂಬುದೇ ಜಗಳ.

"ತಿಳೀತ್ರಿ," ಎಂದರು ರೈತ. "ನಮ್ಮ ಹೊಲಕ್ಕ ದಾರಿ ತಮ್ಮನ ಹೊಲದಾಗ ಹಾದು ಹೋಗ್ತದ. ಹನ್ನೆರಡು ವರ್ಷ ಬಡದಾಡಿದ್ವಿ."

"ಆಮ್ಯಾಲ?"

"ತಮ್ಮ ಹೊಲಾ ಮಾರಿ ಹೊಂಟುಹೋದ. ಹೊಸಬರು ಹೋಗ್ರಿ ಬರ್ರಿ ಅಂತಾರ. ಈಗ ಬೆಳಿಗ್ಗೆ ಎದ್ದು ಬಯ್ಯಾಕ ಯಾರೂ ಇಲ್ರಿ, ಹೊತ್ತೇ ಹೋಗವಲ್ದು."

ಸಿಗ್ನಲ್

ಅದೇ ದಿನ ಹುಮನಾಬಾದಿನಲ್ಲಿ ನನ್ನ ಫೋನಿನ ಸಿಗ್ನಲ್ ಹೋಯಿತು. ರಿಪೇರಿ ಅಂಗಡಿಯವನಿಗೆ, ಫೋನು ಟವರನ್ನು ಹೇಗೆ ಹುಡುಕುತ್ತದೆ, ಟವರು ಹೇಗೆ ಉತ್ತರ ಕೊಡುತ್ತದೆ ಎಂದು ಹತ್ತು ನಿಮಿಷ ವಿವರಿಸಿದೆ. ಅವನು ಅದಬಿನಿಂದ ಕೇಳಿಸಿಕೊಂಡ. ಆಮೇಲೆ ಸಿಮ್ ತೆಗೆದು, ಅಂಗಿಗೆ ಒರೆಸಿ, ಮತ್ತೆ ಹಾಕಿದ.

"ಬಂತ್ರಿ ಸಿಗ್ನಲ್. ನಿಮ್ಮವರು ಯಾರಿಗಾದ್ರೂ ಹಚ್ಚಿ ನೋಡ್ರಿ."

ಫೋನು ಹಿಡಿದು ಯೋಚಿಸಿದೆ. ಆ ಹೊತ್ತಿನಲ್ಲಿ ಸುಮ್ಮನೆ ಫೋನು ಹಚ್ಚಬಹುದಾದವರು ಯಾರೂ ನೆನಪಿಗೆ ಬರಲಿಲ್ಲ.

"ನಿಮ್ಮ ನಂಬರೇ ಹೇಳ್ರಿ," ಎಂದೆ.

ಮೇಜಿನ ಮೇಲೆ ಅವನ ಫೋನು ರಿಂಗಾಯಿತು. ಎದುರೇ ನಿಂತಿದ್ದವನು ಅದನ್ನೆತ್ತಿ ಕಿವಿಗಿಟ್ಟು, "ಹಲೋ, ಹೇಳ್ರಿ ಸರ, ಆರಾಮದೀರಿ?" ಎಂದ. ನಾವಿಬ್ಬರೂ ಐದು ನಿಮಿಷ ಮಾತಾಡಿದೆವು.

ರಾಜಿ

ಮೂರು ವರ್ಷ ನಡೆದ ದೊಡ್ಡ ಕೇಸೊಂದು ಮೊನ್ನೆ ಮುಗಿಯಿತು. ಎರಡೂ ಕಂಪನಿಗಳು ಎಲ್ಲ ದೇಶಗಳ ದಾವೆ ಹಿಂತೆಗೆದುಕೊಂಡು, ಇಡೀ ಜಗತ್ತಿಗೆ ಒಂದೇ ಲೈಸೆನ್ಸ್ ಎಂದು ಸಹಿ ಹಾಕಿದವು. ವಕೀಲರಿಂದ ಎರಡು ಸಾಲಿನ ಮೇಲ್ ಬಂತು. ಯಾರಿಗಾದರೂ ಹೇಳಬೇಕೆನಿಸಿ ಕೆಳಗಿಳಿದೆ.

"ಅಮ್ಮ, ನನ್ನ ಕೇಸು ಮುಗೀತ್ರಿ. ಎರಡೂ ಕಡೆಯವರು ರಾಜಿ ಆದ್ರು."

ಮಾಲಕಿಯ ಕಣ್ಣು ತುಂಬಿದವು. "ಭಾಳ ಚಲೋ ಆತ್ರಿ," ಎಂದರು. ಪರರ ಕೇಸಿಗೆ ಇಷ್ಟು ಕರಗುವವರಿದ್ದಾರಲ್ಲ ಎಂದುಕೊಂಡು ಖುಷಿಯಿಂದ ಬಜಾರಿಗೆ ಹೊರಟೆ.

ಸಂಜೆ ಬಜಾರಿನಿಂದ ಬರುವಷ್ಟರಲ್ಲಿ ಮೆಟ್ಟಿಲು ತೊಳೆದು ರಂಗೋಲಿ ಹಾಕಿತ್ತು. ಶಿರಾ ಮಾಡಿಟ್ಟುಕೊಂಡು ಮಾಲಕಿ ಕಾಯುತ್ತಿದ್ದರು. ಜೊತೆಗೆ ಓಣಿಯ ಮೂವರು ಹೆಣ್ಣುಮಕ್ಕಳು, ಒಬ್ಬರ ಕೈಯಲ್ಲಿ ಕುಂಕುಮ, ಕುಪ್ಪಸದ ಖಣ.

"ಯಾವ ಬಸ್ಸಿಗೆ ಬರ್ತಾರ್ರಿ?" ಎಂದರು ಮಾಲಕಿ.

"ಯಾರ್ರಿ?"

"ನಿಮ್ಮ ಮನಿಯವ್ರು. ರಾಜಿ ಆಗ್ಯದಂದ್ರಲ್ರಿ."

ಕೇಸು ಮೊಬೈಲ್ ಕಂಪನಿಗಳದ್ದು, ನನಗೆ ಮದುವೆಯೇ ಆಗಿಲ್ಲ ಎಂದು ಹೇಳಿದೆ. ಶಿರಾ ತಣ್ಣಗಾಗುತ್ತದೆಂದು ಐವರೂ ಮೇಲೆ ನನ್ನ ಕೋಣೆಯಲ್ಲಿ ಕೂತು ತಿಂದೆವು. ಆ ಕೋಣೆಯಲ್ಲಿ ಅಷ್ಟು ಜನ ಕೂತದ್ದು ಅದೇ ಮೊದಲು.

ಹೊರಡುವಾಗ ಮಾಲಕಿ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: "ಮದುವಿ ಆಗ್ದೇನ ಮೂರು ವರ್ಷ ಕೇಸು ನಡಸೀರಿ. ಆಗಿದ್ರ ಎಷ್ಟು ವರ್ಷ ನಡಸ್ತಿದ್ರಿ, ಸರ?"