ಐರ್ಲೆಂಡಿನಲ್ಲಿ ನಾನು ಕೆಲಸ ಹುಡುಕಿದ್ದು

ಕೆಲಸ ಹುಡುಕುವುದು ಗಂಭೀರವಾದ ವಿಷಯ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಪ್ರತಿಸಲ ಗಂಭೀರವಾಗಿಯೇ ಹೊರಡುತ್ತಿದ್ದೆ. ನಡುವೆ ಎಲ್ಲೋ ಏನೋ ಒಂದು ಎಡವಟ್ಟಾಗಿ, ವಾಪಸ್ ಬರುವಾಗ ಕೆಲಸದ ಬದಲು ಒಂದು ಕತೆ ಕೈಯಲ್ಲಿರುತ್ತಿತ್ತು.

ನಮ್ಮೂರು ಗುಂಡ್ಲುಪೇಟೆ. ಅಪ್ಪನದು ಗೊಬ್ಬರದಂಗಡಿ. ನಾನು ಮೈಸೂರಲ್ಲಿ ಆಹಾರ ತಂತ್ರಜ್ಞಾನ ಓದಿ, ಎರಡು ವರ್ಷ ಚಾಮರಾಜನಗರದ ಒಂದು ಅರಿಸಿನ ಮಂಡಿಯಲ್ಲಿ ಕೆಲಸಕ್ಕಿದ್ದೆ. ಅರಿಸಿನದಲ್ಲಿ ತೇವ ಎಷ್ಟಿದೆ, ಬಣ್ಣ ಹೇಗಿದೆ, ಕಲಬೆರಕೆ ಆಗಿದೆಯಾ ಅಂತ ಪರೀಕ್ಷೆ ಮಾಡುವ ಕೆಲಸ. ಆಮೇಲೆ ಐರ್ಲೆಂಡಿಗೆ ಹೋಗಿ ಎಂ.ಎಸ್ಸಿ. ಮಾಡಿದೆ. ಓದು ಮುಗಿದ ಮೇಲೆ ಅಲ್ಲಿ ಕೆಲಸ ಹುಡುಕಿಕೊಳ್ಳಲು ವೀಸಾದಲ್ಲಿ ಒಂದಷ್ಟು ತಿಂಗಳು ಕೊಡುತ್ತಾರೆ. ಅಷ್ಟರೊಳಗೆ ಸಿಗದಿದ್ದರೆ ಪೆಟ್ಟಿಗೆ ಕಟ್ಟಬೇಕು. ನಾನು ಪೆಟ್ಟಿಗೆಯನ್ನು ಮಂಚದ ಕೆಳಗಿಂದ ಎರಡು ಸಲ ಹೊರಗೆಳೆದು, ಮತ್ತೆ ಒಳಗೆ ತಳ್ಳಿದ್ದೆ.

೧. ಅಪ್ಪನ ಹೆಸರು

ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳ ಬಯೋಡೇಟಾ ತಿದ್ದಿಕೊಡುವ ಒಬ್ಬರು ಮೇಡಮ್ ಇದ್ದರು. ನನ್ನದನ್ನು ತೆಗೆದುಕೊಂಡು ಹೋಗಿ ಕೊಟ್ಟೆ. ನಮ್ಮ ಕಡೆ ಬರೆಯುವ ಹಾಗೇ ಬರೆದಿದ್ದೆ. ಮೊದಲು ನನ್ನ ಹೆಸರು, ಅದರ ಕೆಳಗೆ ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ, ರಕ್ತದ ಗುಂಪು. ಕೊನೆಗೆ 'ಮೇಲೆ ಹೇಳಿದ್ದೆಲ್ಲಾ ನನಗೆ ತಿಳಿದಮಟ್ಟಿಗೆ ಸತ್ಯ' ಅಂತ ಸಹಿ ಕೂಡ ಹಾಕಿದ್ದೆ.

ಮೇಡಮ್ ನಿಧಾನಕ್ಕೆ ಓದಿದರು.

"ಈ ಎರಡನೇ ಹೆಸರು ಯಾರದು?"

"ನಮ್ಮ ತಂದೆಯವರದು."

"ಅವರೂ ಇದೇ ಕೆಲಸಕ್ಕೆ ಅರ್ಜಿ ಹಾಕ್ತಿದ್ದಾರಾ?"

ಇಲ್ಲ ಅಂದೆ. ಮೇಡಮ್ ಕೆಂಪು ಪೆನ್ನಲ್ಲಿ ಅಪ್ಪನನ್ನು ಹೊಡೆದುಹಾಕಿದರು. ಅವ್ವನನ್ನೂ ಹೊಡೆದುಹಾಕಿದರು. ರಕ್ತದ ಗುಂಪಿನ ಮುಂದೆ ಮಾತ್ರ, ಕೆಲಸ ಅಷ್ಟೊಂದು ಅಪಾಯದ್ದಲ್ಲ ಅಂತ ಬರೆದರು.

ಸಾಯಂಕಾಲ ಫೋನಲ್ಲಿ ಅಪ್ಪನಿಗೆ ಹೇಳಿದೆ. ಅವರಿಗೆ ಬೇಜಾರಾಯಿತು.

"ನನ್ನೆಸ್ರು ತೆಗ್ದಾಕ್ಬುಟ್ರಾ? ಅಂಗಾರೆ ಕೆಲ್ಸ ಯಂಗ್ ಸಿಕ್ಕದು ಕಣಮ್ಮಿ? ಗುಂಡ್ಲುಪೇಟೇಲಿ ನನ್ನೆಸ್ರು ಯೋಳುದ್ರೆ ಕೇರಳದ ಬಸ್ಸೇ ನಿಲ್ತದೆ."

೨. ಜೋಪಾನ

ಅರ್ಜಿಗಳಿಗೆ ಉತ್ತರಗಳು ಬರತೊಡಗಿದವು. ಅಲ್ಲಿಯವರು ಇಲ್ಲ ಅನ್ನುವುದನ್ನೂ ಬೆಣ್ಣೆ ಸವರಿ ಹೇಳುತ್ತಾರೆ. ನಿಮ್ಮ ಅರ್ಜಿ ತುಂಬಾ ಚೆನ್ನಾಗಿತ್ತು, ಈ ಸಲ ಆಗಲಿಲ್ಲ, ಆದರೂ ನಮ್ಮ ಕಡತದಲ್ಲಿ ಜೋಪಾನವಾಗಿ ಇಟ್ಟುಕೊಂಡಿರುತ್ತೇವೆ ಅಂತ.

ಅವ್ವ ದಿನಾ ಫೋನ್ ಮಾಡಿ ಏನಂದರು ಅಂತ ಕೇಳುತ್ತಿದ್ದಳು. ಅವಳ ದನಿ ಕೇಳಿದರೆ ಪೂರ್ತಿ ಹೇಳಲು ಮನಸ್ಸು ಬರುತ್ತಿರಲಿಲ್ಲ. "ಅರ್ಜಿ ಚೆನ್ನಾಗಿದೆಯಂತೆ ಕಣವ್ವ, ಜೋಪಾನವಾಗಿ ಇಟ್ಟುಕೊಂಡವ್ರೆ" ಅನ್ನುತ್ತಿದ್ದೆ. ಸುಳ್ಳಂತೂ ಅಲ್ಲ.

ಹೀಗೇ ಹನ್ನೊಂದು ಕಂಪನಿ ಆದವು. ಅವ್ವ ಹರಕೆ ತೀರಿಸಲು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಪೂಜೆ ಮಾಡಿಸಿಕೊಂಡು ಬಂದಳು. ಪ್ರಸಾದ ಹಂಚುವಾಗ ಪಕ್ಕದ ಮನೆಯ ಅತ್ತೆ ಕೇಳಿದರಂತೆ, "ಅನ್ನೊಂದು ಕಂಪ್ನಿಯೋರೂ ಮಡೀಕಂಡವ್ರೆ ಅಂದ್ರೆ, ನಿನ್ ಮಗ್ಳು ಯಾವ್ದುಕ್ ಓಯ್ತಾಳೆ?"

ಅವ್ವ ನಿಟ್ಟುಸಿರು ಬಿಟ್ಟು, "ಅದೇ ಯೋಚ್ನೆ ಆಗದೆ ಕಣಕ್ಕ. ಉಳ್ದ ಅತ್ತು ಜನುಕ್ಕೆ ಬೇಜಾರಾಗದ್ವಾ?" ಅಂದಳಂತೆ.

೩. ಮದ್ದೂರಿನ ಆನೆ

ಹನ್ನೆರಡನೆಯವರು ಸಂದರ್ಶನಕ್ಕೇ ಕರೆದರು. ಮೇಜಿನಾಚೆ ಮೂವರು ಕೂತಿದ್ದರು. ಮೊದಲನೇ ಪ್ರಶ್ನೆ: "ಕೆಲಸಕ್ಕೆ ಯಾವಾಗಲಾದರೂ ತಡವಾಗಿದ್ದುಂಟಾ? ಆಗ ಏನು ಮಾಡಿದಿರಿ?"

ಸತ್ಯ ಹೇಳಿದೆ. ಕೇರಳದ ಕಡೆಯಿಂದ ಮಂಡಿಗೆ ಅರಿಸಿನದ ಸ್ಯಾಂಪಲ್ ತರುವಾಗ ನಮ್ಮೂರ ಹತ್ತಿರದ ಮದ್ದೂರು ಕಾಡಿನ ರಸ್ತೆಯಲ್ಲಿ ಆನೆ ನಿಂತಿತ್ತು, ಅದಕ್ಕೆ ಮೂರು ಗಂಟೆ ತಡವಾಯಿತು ಅಂತ.

ಮೂವರೂ ಪೆನ್ನು ಕೆಳಗಿಟ್ಟರು.

"ನಿಜವಾದ ಆನೆಯಾ?"

"ಹೌದು. ಮುಂದಿದ್ದ ಲಾರಿಯಿಂದ ಕಬ್ಬು ಎಳೆದುಕೊಂಡು ತಿಂತಾ ಇತ್ತು."

"ಡ್ರೈವರ್ ಏನು ಮಾಡಿದ?"

"ಅದು ತಿನ್ನೋದು ಮುಗಿಸಲಿ ಅಂತ ಕಾಯ್ತಾ ಕೂತಿದ್ದ."

ಅಲ್ಲಿಂದ ಆಚೆಗೆ ಮುಕ್ಕಾಲು ಗಂಟೆ ಬರೀ ಆನೆ. ಮರಿ ಇತ್ತಾ, ದಂತ ಎಷ್ಟುದ್ದ, ಹಾರನ್ ಮಾಡಿದರೆ ಏನಾಗುತ್ತೆ. ನಾನೂ ಹುಮ್ಮಸ್ಸಿನಿಂದ ಎದ್ದು ನಿಂತು ಅದು ಕಿವಿ ಬೀಸುವುದನ್ನು ಮಾಡಿ ತೋರಿಸಿದೆ. ಅವರು ಕೈಕುಲುಕಿ ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಕೆಲಸ ಸಿಕ್ಕೇಬಿಟ್ಟಿತು ಅಂದುಕೊಂಡೆ.

ವಾರ ಬಿಟ್ಟು ಇಮೇಲ್ ಬಂತು. ಆಹಾರ ಸುರಕ್ಷತೆಯಲ್ಲಿ ನನ್ನ ಅನುಭವ ಎಷ್ಟು ಅನ್ನುವುದು ಸಂದರ್ಶನದಲ್ಲಿ ಸ್ಪಷ್ಟವಾಗಲಿಲ್ಲವಂತೆ, ಕ್ಷಮಿಸಬೇಕಂತೆ. ಕೆಳಗೆ ಇನ್ನೊಂದು ಸಾಲಿತ್ತು: ಆನೆ ನೋಡಲು ಯಾವ ತಿಂಗಳು ಬಂದರೆ ಒಳ್ಳೆಯದು?

೪. ವಿಚಾರಣೆ

ವೀಸಾ ಮುಗಿಯಲು ಐದು ವಾರ ಉಳಿದಿತ್ತು. ಒಂದು ಮಸಾಲೆ ಕಂಪನಿಯ ಸಂದರ್ಶನ ಚೆನ್ನಾಗಿ ಆಯಿತು. ಅಲ್ಲಿಯ ಮೇಡಮ್, "ನಿಮ್ಮ ಹಳೆಯ ಯಜಮಾನರ ಹತ್ತಿರ ಫೋನಲ್ಲಿ ಮಾತಾಡಿ ತೀರ್ಮಾನ ಹೇಳ್ತೇವೆ" ಅಂದರು. ನಾನು ಮಂಡಿ ಯಜಮಾನರ ನಂಬರ್ ಕೊಟ್ಟೆ. ಅರವತ್ತು ದಾಟಿದವರು, ಬಿ.ಕಾಂ. ಓದಿದವರು, ಇಂಗ್ಲಿಷಿನಲ್ಲಿ ಯಾರಿಗೂ ಹೆದರದವರು. ಅವರಿಗೆ ಮೆಸೇಜ್ ಹಾಕಿದೆ: 'ಸಾರ್, ನನ್ನ ಬಗ್ಗೆ ವಿಚಾರಿಸಲು ಐರ್ಲೆಂಡಿನಿಂದ ಫೋನ್ ಬರುತ್ತೆ. ದಯವಿಟ್ಟು ನಾಲ್ಕು ಒಳ್ಳೆ ಮಾತು ಹೇಳಿ.'

ನಮ್ಮ ಕಡೆ ಹುಡುಗಿಯ ಬಗ್ಗೆ ಫೋನ್ ಮಾಡಿ ವಿಚಾರಿಸುತ್ತಾರೆ ಅಂದರೆ ಒಂದೇ ಅರ್ಥ. ಅದು ನನಗೆ ಹೊಳೆಯಲೇ ಇಲ್ಲ.

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು.

"ಒಬ್ರು ಎಂಗುಸ್ರು ಮಾತಾಡುದ್ರು ಕಣಮ್ಮಿ. ಹುಡ್ಗನ ತಾಯಿ ಅಂತ ಕಾಣ್ತದೆ."

ಅಲ್ಲ ಸಾರ್ ಅಂತ ಬಾಯಿ ತೆಗೆದೆ, ಅವರು ಕೇಳಿಸಿಕೊಳ್ಳಲಿಲ್ಲ.

"ಎಲ್ರ ಜೊತೆ ಒಂದ್ಕಂಡು ಓಯ್ತಾಳಾ ಅಂದ್ರು. ಅನ್ನೆರಡು ಜನುದ್ ಮನೇಲಿ ಬೆಳುದ್ ಮಗ, ಒಂದಿನ ದನಿ ಎತ್ತಿಲ್ಲ ಅಂದೆ. ಏನಾರ ಕೊರತೆ ಇದ್ರೆ ಯೋಳಿ ಅಂದ್ರು. ಸುಳ್ಳು ಯಾಕೆ, ಅಡ್ಗೆ ಅಷ್ಟಕ್ಕಷ್ಟೇ, ನೀವೇ ಕಲಿಸ್ಕಳಿ ಅಂದೆ. ನಕ್ಕರು, ಒಳ್ಳೆ ಜನ. ನಿಮ್ಮನ್ನ ಬುಟ್ಟು ಯಾಕ್ ಓದ್ಲು ಅಂದ್ರು. ಎಣ್ಮಕ್ಳು ಒಂದಿನ ಓಗ್ಲೇಬೇಕಲ್ವಾ ಮೇಡಮ್, ನಾವು ಇಡ್ಕಂಡು ಕೂರಕ್ಕಾದದಾ ಅಂದೆ."

"ಸಾರ್..."

"ತಡಿಯಮ್ಮಿ. ನಾನೂ ಬುಡ್ಲಿಲ್ಲ, ನಿಮ್ಮಲ್ಲಿ ಎಷ್ಟು ಜನ ಅಂತ ಕೇಳ್ದೆ. ನಲವತ್ತು ಅಂದ್ರು. ದೊಡ್ ಸಂಸಾರ ಕಣಮ್ಮಿ, ಉಸಾರಾಗಿರು. ಕೊನೇಗೆ ಒಂದ್ಮಾತು ಕೇಳುದ್ರು ನೋಡು, ಸಿಟ್ಟು ಬಂದ್ಬುಡ್ತು. ಅವಳು ವಾಪಸ್ ಬಂದ್ರೆ ತಿರ್ಗ ಸೇರುಸ್ಕತೀರಾ ಅಂತ. ನೋಡಿ ಮೇಡಮ್, ನಮ್ ಕಡೆ ಎಣ್ಮಕ್ಳು ಒಂದ್ಸಲ ನಿಮ್ಮ ಮನೆ ಸೇರುದ್ರೆ ಸಾಯಗಂಟ ನಿಮ್ಮೋರೇ, ವಾಪಸ್ ಗೀಪಸ್ ಮಾತೇ ಬ್ಯಾಡ ಅಂದ್ಬುಟ್ಟೆ."

ಅಷ್ಟು ಖುಷಿಯಲ್ಲಿದ್ದವರಿಗೆ ನಿಜ ಹೇಳಲು ನನಗೆ ನಾಲಿಗೆ ಹೊರಳಲಿಲ್ಲ. ಫೋನಿಟ್ಟು ಮಂಚದ ಕೆಳಗಿಂದ ಪೆಟ್ಟಿಗೆ ಎಳೆದೆ. ಸ್ವೆಟರುಗಳನ್ನೆಲ್ಲಾ ಮಡಚಿ ತುಂಬಿಯೂ ಆಯಿತು.

ಶುಕ್ರವಾರ ಕಂಪನಿಯಿಂದ ಫೋನ್ ಬಂತು. "ಎರಡು ವರ್ಷದ ಮಟ್ಟಿಗೆ ತಗೊಳ್ಳೋಣ ಅಂತಿದ್ವಿ" ಅಂದರು ಮೇಡಮ್. "ನಿಮ್ಮ ಯಜಮಾನರ ಮಾತು ಕೇಳಿದ ಮೇಲೆ ಕಾಯಂ ಕೆಲಸವೇ ಕೊಡೋಣ ಅನ್ನಿಸಿತು. ಇಷ್ಟು ನಿಷ್ಠೆಯ ಬಗ್ಗೆ ಯಾರೂ ನಮಗೆ ಹೇಳಿರಲಿಲ್ಲ. ಸೋಮವಾರದಿಂದ ಬನ್ನಿ."

ಪೆಟ್ಟಿಗೆ ಮೇಲೆ ಕೂತುಕೊಂಡು ಒಬ್ಬಳೇ ಅತ್ತೆ, ಒಬ್ಬಳೇ ನಕ್ಕೆ. ಆಮೇಲೆ ಚಾಮರಾಜನಗರಕ್ಕೆ ಫೋನ್ ಮಾಡಿದೆ.

"ಸಾರ್, ಎಲ್ಲಾ ನಿಮ್ಮಿಂದ ಆಯ್ತು. ಒಪ್ಪಿಕೊಂಡ್ರು. ಸೋಮವಾರದಿಂದಲೇ ಬಂದುಬಿಡು ಅಂದವ್ರೆ."



"ಸೋಮಾರ್ವೇಯಾ? ಓಗ್ಲಿ ಬುಡು, ಶಿವನ ವಾರ, ಒಳ್ಳೇದೆ," ಅಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಅಲ್ಲ ಕಣಮ್ಮಿ, ಹುಡ್ಗನ್ ಮೊಕನಾದ್ರೂ ಒಂದ್ಸಲ ನೋಡಿದ್ದೀಯಾ ತಾನೆ?"