ಸಾಯದ ಕಂಪ್ಯೂಟರಿಗೆ ಮೂರು ಸಹಿ

ಎಲ್ಲ ರಗಳೆಗೂ ಮೂಲ ಬಾಗಿಲ ಪಕ್ಕ ಅಂಟಿಸಿದ್ದ ಒಂದು ಚೀಟಿ. 'ಹೊಸ ಕಂಪ್ಯೂಟರ್ ಬೇಕಾದವರು ಇಂದು ಸಂಜೆ ಐದರೊಳಗೆ ಫಾರಂ ಕೊಡತಕ್ಕದ್ದು. ತಪ್ಪಿದರೆ ಮುಂದಿನ ವರ್ಷ.' ಕೆಳಗೆ ಯಜಮಾನರ ಸಹಿ.

ಆ ಕಚೇರಿಯಲ್ಲಿ ಮನೆ, ಅಂಗಡಿ, ಗೋದಾಮುಗಳ ನಕ್ಷೆ ತಯಾರಾಗುತ್ತಿತ್ತು. ಎರಡನೇ ಮಹಡಿ, ಒಂದೇ ಉದ್ದನೆಯ ಕೋಣೆ, ಕೊನೆಗೆ ಗಾಜಿನ ಬಾಗಿಲ ಹಿಂದೆ ಯಜಮಾನರು. ಕೋಣೆಯಲ್ಲಿ ನಾಲ್ಕು ಜನ. ಜಾಗ ಅಳೆದು ಬರುವ ಹಿರಿಯ ಸರ್ವೇಯರು, ಪರವಾನಗಿ ಅರ್ಜಿಗಳನ್ನು ತಯಾರಿಸುವ ಅರ್ಜಿಯಕ್ಕ, ಫೋನ್ ಎತ್ತುವ ಫೋನಮ್ಮ, ಮತ್ತು ನಕ್ಷೆ ಬರೆಯುವ ನಮ್ಮ ಗೆರೆರಾಯ. ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಇಪ್ಪತ್ತು ವರ್ಷ ಗೆರೆ ಎಳೆದೆಳೆದು ಆ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಗೆರೆರಾಯನ ಕಂಪ್ಯೂಟರಿಗೆ ಆರು ವರ್ಷ. ನಕ್ಷೆಗೆ ನೆರಳು ಬೆಳಕು ಕೂಡಿಸಿ ಕಟ್ಟಡದ ಬಣ್ಣದ ಚಿತ್ರ ಮಾಡಿಕೊಡು ಎಂದು ಬೆಳಿಗ್ಗೆ ಹೇಳಿದರೆ ಅದು ಮಧ್ಯಾಹ್ನದ ಊಟ ಕಳೆದ ಮೇಲೂ ಅರ್ಧ ಗೋಡೆಯಲ್ಲೇ ಇರುತ್ತಿತ್ತು. ಕಾದು ಕಾದು ಅವನು ಬೆರಳಿನ ನೆಟಿಕೆ ತೆಗೆಯುವುದರಲ್ಲಿ ಪರಿಣತನಾಗಿದ್ದ. ಹೊಸದೊಂದು ಬೇಕು ಎಂಬ ಆಸೆ ಅವನಿಗೆ ಹಸಿವಿನ ಹಾಗೆ ದಿನಾ ಆಗುತ್ತಿತ್ತು.

ಆದರೆ ಯಜಮಾನರ ಕಾನೂನು ಕಾನೂನೇ. ನಿಧಾನ ಎಂಬ ಕಾರಣಕ್ಕೆ ಹೊಸದು ಸಿಗುವುದಿಲ್ಲ. ಹಳೆಯದು ಸತ್ತಿರಬೇಕು. ಯಾರ ಯಂತ್ರ ಸತ್ತಿದೆಯೋ ಅವರ ಮಾತು ನಡೆಯುವುದಿಲ್ಲ, ಉಳಿದ ಮೂವರೂ ಕಣ್ಣಾರೆ ನೋಡಿ ಫಾರಂಗೆ ಸಹಿ ಹಾಕಬೇಕು. ಹಿಂದೊಮ್ಮೆ ಯಾರೋ ಪುಣ್ಯಾತ್ಮ ಪ್ಲಗ್ ಕಿತ್ತಿಟ್ಟು 'ಸತ್ತೋಯ್ತು ಸಾರ್' ಎಂದು ಅತ್ತಿದ್ದನಂತೆ. ಅಂದಿನಿಂದ ಈ ಮೂರು ಸಹಿ.

ಗೆರೆರಾಯ ಫಾರಂ ತುಂಬಿ ಮಡಿಸಿ ಜೇಬಿನಲ್ಲಿಟ್ಟುಕೊಂಡ. ಇನ್ನು ಉಳಿದಿದ್ದು ಕೊಲೆ ಮಾತ್ರ.

ಉಪಾಯ ಹೊಳೆದದ್ದು ಭಾವಮೈದನಿಂದ. ಈ ಕಂಪ್ಯೂಟರನ್ನು ಬಿಡಿಭಾಗ ತಂದು ಜೋಡಿಸಿಕೊಟ್ಟವನೂ ಅವನೇ. ಹೋದ ಭಾನುವಾರ ಊಟಕ್ಕೆ ಕೂತಾಗ ಅವನು ಓವರ್‌ಕ್ಲಾಕಿಂಗ್ ಬಗ್ಗೆ ಕೊಚ್ಚಿಕೊಂಡಿದ್ದ. ಪ್ರೊಸೆಸರ್‌ಗೆ ಕಂಪನಿಯವರು ಇಷ್ಟು ವೇಗ ಎಂದು ಕಟ್ಟಿರುತ್ತಾರೆ, ನಾವು ಆ ಕಟ್ಟು ಬಿಚ್ಚಿ ಇನ್ನೂ ಜೋರಾಗಿ ಓಡಿಸುತ್ತೇವೆ, ಜಾಸ್ತಿಯಾದರೆ ಸುಟ್ಟುಹೋಗುತ್ತದೆ, ನಾನೇ ಒಂದನ್ನು ಸುಟ್ಟಿದ್ದೇನೆ ಎಂದಿದ್ದ. ಉಳಿದವರಿಗೆ ಅದು ಅನಾಹುತದ ಕತೆ. ಗೆರೆರಾಯನಿಗೆ ಮಾತ್ರ ಅದು ದಾರಿ ತೋರಿಸಿದ ದೀಪ.

ಹತ್ತೂವರೆಗೆ ಅವನು ಮೆಟ್ಟಿಲ ಹತ್ತಿರ ನಿಂತು ಭಾವಮೈದನಿಗೆ ಫೋನ್ ಹಚ್ಚಿದ.

"ಅಲ್ಲಪ್ಪಾ, ನನ್ನ ಕಂಪ್ಯೂಟರ್‌ನ ಸ್ವಲ್ಪ ಜೋರಾಗಿ ಓಡಿಸ್ಬೇಕಿತ್ತು. ಹೇಗೆ?"

"ಅಬ್ಬಾ! ಕೊನೆಗೂ ಭಾವನಿಗೂ ಹುಚ್ಚು ಹಿಡೀತು!" ಭಾವಮೈದ ಖುಷಿಯಾಗಿಬಿಟ್ಟ. ಯಾವ ಗುಂಡಿ ಒತ್ತಬೇಕು, ಯಾವ ಅಂಕಿ ಏರಿಸಬೇಕು ಎಂದು ಒಂದೊಂದಾಗಿ ಬರೆಸಿದ. "ಸ್ವಲ್ಪ ಸ್ವಲ್ಪವೇ ಏರಿಸಿ ಭಾವ. ಒಂದೇ ಸಲಕ್ಕೆ ಏರಿಸ್ಬೇಡಿ."

ಗೆರೆರಾಯ ಒಂದೇ ಸಲಕ್ಕೆ ಏರಿಸಿದ. ಮೂವತ್ತಾರು ಎಂದಿದ್ದ ವೇಗದ ಅಂಕಿಯನ್ನು ನಲವತ್ತೆಂಟು ಮಾಡಿ, ಒಂದು ಗೋದಾಮಿನ ಚಿತ್ರವನ್ನು ಹೊರಿಸಿದ. ಪರದೆಯ ಮೂಲೆಯಲ್ಲಿ ಪ್ರೊಸೆಸರ್‌ನ ಬಿಸಿ ತೋರಿಸುವ ಅಂಕಿ ಎಪ್ಪತ್ತು, ಎಂಬತ್ತು, ತೊಂಬತ್ತು ಎಂದು ಏರಿತು. ಗೆರೆರಾಯನ ಎದೆಯೂ ಜೊತೆಗೇ ಏರಿತು. ಆರು ವರ್ಷ ಎದುರುಬದುರು ಕೂತ ಯಂತ್ರ ಅದು, ಅಯ್ಯೋ ಪಾಪ ಎನಿಸದೆ ಇರಲಿಲ್ಲ. ಕಣ್ಣು ಮುಚ್ಚಿಕೊಂಡ. ತೆರೆದಾಗ ಅಂಕಿ ತೊಂಬತ್ತೈದರಲ್ಲಿ ನಿಂತಿತ್ತು, ಕಂಪ್ಯೂಟರ್ ಎಂದಿಗಿಂತ ನಿಧಾನವಾಗಿ ತೆವಳುತ್ತಿತ್ತು.

"ಬಿಸಿ ಜಾಸ್ತಿಯಾದ್ರೆ ಅದೇ ವೇಗ ಇಳಿಸ್ಕೊಳ್ಳತ್ತೆ ಭಾವ," ಎಂದ ಭಾವಮೈದ ಫೋನಿನಲ್ಲಿ. "ತನ್ನ ಜೀವ ತಾನು ಕಾಪಾಡ್ಕೊಳ್ಳುತ್ತೆ. ಹೆದರ್ಬೇಡಿ, ನಾನು ಜೋಡಿಸಿದ್ದು, ಅಷ್ಟು ಸುಲಭಕ್ಕೆ ಸಾಯಲ್ಲ!"

ಇದನ್ನು ಕೇಳಿ ಗೆರೆರಾಯನಿಗೆ ಆದ ಸಂಕಟ ಅಷ್ಟಿಷ್ಟಲ್ಲ. "ಇನ್ನೇನು ಏರಿಸ್ಬಹುದು?" ಎಂದು ಮೆಲ್ಲಗೆ ಕೇಳಿದ.

"ವೋಲ್ಟೇಜ್ ಏರಿಸ್ಬಹುದು. ಆದ್ರೆ ಅದಕ್ಕೂ ಒಂದು ಮಿತಿ ಇದೆ. ವೇಗ ಒಂದು ಪಾಲು ಹೆಚ್ಚಾದ್ರೆ ಬಿಸಿ ಮೂರು ಪಾಲು ಹೆಚ್ಚುತ್ತೆ."

ಮೂರು ಪಾಲು ಬಿಸಿಯೇ ಅವನಿಗೆ ಬೇಕಾಗಿದ್ದದ್ದು. ಹನ್ನೊಂದೂವರೆಗೆ ವೋಲ್ಟೇಜ್ ಏರಿತು. ಹನ್ನೊಂದು ನಲವತ್ತಕ್ಕೆ ಕಂಪ್ಯೂಟರ್ ಟಕ್ಕೆಂದು ಆರಿತು. ಪರದೆ ಕಪ್ಪು. ಸದ್ದಿಲ್ಲ.

"ಸತ್ತೋಯ್ತು!" ಗೆರೆರಾಯ ಕೂಗಿದ. ದನಿಯಲ್ಲಿ ದುಃಖ ಸಾಲದು ಎನಿಸಿ ಇನ್ನೊಮ್ಮೆ ಕೂಗಿದ. "ಅಯ್ಯೋ, ಸತ್ತೋಯ್ತಲ್ಲಪ್ಪಾ! ಬನ್ನಿ, ಎಲ್ರೂ ಬನ್ನಿ, ಪೆನ್ನು ತನ್ನಿ!"

ಮೂವರೂ ಓಡಿ ಬಂದರು. ಗೆರೆರಾಯ ಫಾರಂ ಬಿಡಿಸಿ ಮೇಜಿನ ಮೇಲೆ ಹಾಸಿದ. ಸರ್ವೇಯರು ಕನ್ನಡಕ ಏರಿಸಿಕೊಂಡರು. ಅವರು ಗೂಟ ನೆಟ್ಟ ಜಾಗವನ್ನೂ ಎರಡು ಸಲ ಅಳೆಯುವ ಮನುಷ್ಯ.

"ಒಂದ್ಸಲ ಗುಂಡಿ ಒತ್ತಿ ನೋಡ್ತೀನಿ ರಾಯರೇ. ಸಹಿ ಅಂದ್ರೆ ಹುಡುಗಾಟ ಅಲ್ಲ," ಎಂದು ಒತ್ತಿದರು.

ಕಂಪ್ಯೂಟರ್ ಗುರ್ರೆಂದು ಎದ್ದಿತು.

"ಬದುಕಿಕೊಳ್ತು!" ಫೋನಮ್ಮ ಚಪ್ಪಾಳೆ ತಟ್ಟಿದಳು. "ಮುಟ್ಟಿ ನೋಡಿ, ಎಷ್ಟು ಕಾದಿದೆ! ಪಾಪ, ಅದಕ್ಕೆ ಸೆಕೆ ಆಗಿದೆ ಅಷ್ಟೇ."

"ನೀವು ಸುಮ್ನೆ ಕೂತ್ಕೊಳ್ಳಿ ರಾಯರೇ," ಎಂದಳು ಅರ್ಜಿಯಕ್ಕ. "ನಿಮ್ಮ ಮುಖ ನೋಡೋಕಾಗ್ತಿಲ್ಲ. ನಾವಿದೀವಿ."

ಅವರು ಇದ್ದದ್ದೇ ಕಷ್ಟವಾಯಿತು. ಅರ್ಜಿಯಕ್ಕ ತನ್ನ ಮೇಜಿನ ಫ್ಯಾನನ್ನು ಎತ್ತಿ ತಂದು ಕಂಪ್ಯೂಟರಿನತ್ತ ತಿರುಗಿಸಿದಳು. ವಯರು ಸಾಲದ್ದಕ್ಕೆ ತನ್ನ ಕಂಪ್ಯೂಟರಿಗೆ ಕರೆಂಟು ಕೊಡುತ್ತಿದ್ದ ಎಕ್ಸ್‌ಟೆನ್ಷನ್ ಬಾಕ್ಸನ್ನೇ ಇತ್ತ ಎಳೆದು, ಇಬ್ಬರ ಕಂಪ್ಯೂಟರನ್ನೂ ಫ್ಯಾನನ್ನೂ ಅದಕ್ಕೇ ಸಿಕ್ಕಿಸಿದಳು. ಸರ್ವೇಯರು ಪಕ್ಕದ ಮುಚ್ಚಳ ಬಿಚ್ಚಿ, ಅಳತೆಯ ಉಪಕರಣ ಒರೆಸುವ ಮೆತ್ತನೆ ಬ್ರಷ್‌ನಿಂದ ಆರು ವರ್ಷದ ಧೂಳನ್ನು ಗುಡಿಸಿ ತೆಗೆದರು. ಫೋನಮ್ಮ ಕಿಟಕಿ ತೆರೆದಳು.

ಬಿಸಿ ಅರವತ್ತಕ್ಕೆ ಇಳಿಯಿತು. ಗೆರೆರಾಯನ ಮುಖವೂ ಇಳಿಯಿತು.

ಮಧ್ಯಾಹ್ನವೆಲ್ಲ ಇದೇ ಯುದ್ಧ. ಇವನು ಒಂದಂಕಿ ಏರಿಸಿದರೆ ಅವರು ಹತ್ತು ಡಿಗ್ರಿ ಇಳಿಸುವರು. ಇವನು ಫ್ಯಾನನ್ನು ಮೊಣಕಾಲಲ್ಲಿ ಮೆಲ್ಲಗೆ ಆಚೆ ತಿರುಗಿಸಿದರೆ, "ಅಯ್ಯೋ, ತಿರುಗಿಬಿಟ್ಟಿದೆ" ಎಂದು ಅರ್ಜಿಯಕ್ಕ ಎದ್ದು ಬಂದು ಸರಿ ಮಾಡುವಳು. ಪ್ರತಿ ಅರ್ಧ ಗಂಟೆಗೆ ಸರ್ವೇಯರು ಬಂದು ಬಿಸಿ ಎಷ್ಟೆಂದು ನೋಡಿ ತಮ್ಮ ಅಳತೆ ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಅಷ್ಟು ಪ್ರೀತಿಯ ಜನರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಗೆರೆರಾಯ ನಗುತ್ತಾ ಒಳಗೊಳಗೇ ಬೆಂದುಹೋದ. ಮೂರೂವರೆಗೆ, ಇಡೀ ದಿನ ತಿನ್ನಬೇಕಾಗಿದ್ದ ಗೋದಾಮಿನ ಚಿತ್ರ ಹಂಚು ಕಿಟಕಿ ಸಮೇತ ಮುಗಿದು ಪರದೆಯ ಮೇಲೆ ಹೊಳೆಯಿತು.

"ನೋಡಿದ್ರಾ!" ಫೋನಮ್ಮ ಗಾಜಿನ ಬಾಗಿಲಿನತ್ತ ತಿರುಗಿ ಕೂಗಿದಳು. "ಸಾರ್, ರಾಯರ ಕಂಪ್ಯೂಟರ್ ಕುದುರೆ ಆಗಿದೆ!"

"ಭೇಷ್!" ಎಂದು ಒಳಗಿನಿಂದ ಕೇಳಿಸಿತು.

ನಾಲ್ಕೂವರೆಗೆ ಗೆರೆರಾಯ ಮೆಟ್ಟಿಲ ಹತ್ತಿರ ನಿಂತು ಕೊನೆಯ ಸಲ ಫೋನ್ ಮಾಡಿದ. ಮುಚ್ಚುಮರೆ ಬಿಟ್ಟು ಕೇಳಿಯೇಬಿಟ್ಟ.

"ಎಷ್ಟು ಏರಿಸಿದ್ರೆ ಸುಟ್ಟುಹೋಗುತ್ತೆ? ಒಂದು ಅಂಕಿ ಹೇಳು ಮಾರಾಯ."

"ಭಾವ, ಜನ ಇದನ್ನ ಉಳಿಸೋಕೆ ಹೆಣಗಾಡ್ತಾರೆ. ಕೆಲವರು ಮಂಜಿಗಿಂತ ತಣ್ಣಗಿರೋ ನೈಟ್ರೋಜನ್ ಸುರಿದು ಓಡಿಸ್ತಾರೆ, ಅದೂ ಒಂದೆರಡು ನಿಮಿಷ. ನೀವು..."

"ಅಂಕಿ ಹೇಳು."

"ಕೆಂಪು ಬಣ್ಣಕ್ಕೆ ತಿರುಗೋ ಅಂಕಿ ಮುಟ್ಬೇಡಿ. ಅಷ್ಟೇ ನಾನು ಹೇಳೋದು."

ಗೆರೆರಾಯ ಬಂದು ಕೂತು ಕೆಂಪು ಬಣ್ಣಕ್ಕೆ ತಿರುಗುವ ಅಂಕಿಯನ್ನು ಮುಟ್ಟಿದ. ಮುಟ್ಟಿ, ಅದರ ಮೇಲಿನದನ್ನೂ ಮುಟ್ಟಿದ. ಮನಸ್ಸಿನಲ್ಲೇ ಕಂಪ್ಯೂಟರಿಗೆ ಕ್ಷಮೆ ಕೇಳಿ ಗುಂಡಿ ಒತ್ತಿದ.

ಕಂಪ್ಯೂಟರ್ ಏಳಹೊರಟಿತು. ಮೇಜಿನ ಕೆಳಗೆ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಚಟಚಟ ಸದ್ದು, ಒಂದು ಕಿಡಿ, ಸುಟ್ಟ ರಬ್ಬರಿನ ವಾಸನೆ. ಫ್ಯಾನ್ ನಿಂತಿತು, ದೀಪ ಆರಿತು, ಇಡೀ ಕೋಣೆ ಸ್ತಬ್ಧವಾಯಿತು.

ಗೆರೆರಾಯ ಈ ಸಲ ಕೂಗಲಿಲ್ಲ. ಮನಸ್ಸು ಹಗುರವಾಗಿತ್ತು. ಸರ್ವೇಯರು ಸುಟ್ಟ ಬಾಕ್ಸನ್ನು ಕಿತ್ತು ಆಚೆಗಿಟ್ಟು, ಎಲ್ಲವನ್ನೂ ಗೋಡೆಯ ಪ್ಲಗ್ಗುಗಳಿಗೇ ಸಿಕ್ಕಿಸಿ, ಬಾಗಿಲ ಮೇಲಿನ ಮೇನ್ ಸ್ವಿಚ್ಚನ್ನು ಎತ್ತಿದರು. ದೀಪ ಬಂತು.

ಗೆರೆರಾಯನ ಕಂಪ್ಯೂಟರಿನ ಪರದೆಯ ಮೇಲೆ ಶಾಂತವಾಗಿ ಒಂದು ಸಾಲು ಮೂಡಿತು. ವೇಗ ಏರಿಸುವ ಪ್ರಯತ್ನ ವಿಫಲವಾಗಿದೆ, ಎಲ್ಲವನ್ನೂ ಮೊದಲಿನಂತೆ ಮಾಡಲಾಗಿದೆ. ಮತ್ತೆ ಅದೇ ಮೂವತ್ತಾರು.

"ನಂದು ಬರ್ತಿಲ್ಲ," ಎಂದಳು ಅರ್ಜಿಯಕ್ಕ ತನ್ನ ಮೇಜಿನಿಂದ.

ಸರ್ವೇಯರು ಹೋಗಿ ಗುಂಡಿ ಒತ್ತಿದರು. ಎರಡನೇ ಸಲ ಒತ್ತಿದರು. ಪ್ಲಗ್ ಬದಲಿಸಿ ಮೂರನೇ ಸಲ ಒತ್ತಿದರು. ಬಗ್ಗಿ ಮೂಸಿ ನೋಡಿ ಕನ್ನಡಕ ತೆಗೆದರು. "ಇದು ಹೋಯ್ತಮ್ಮಾ. ಇದರಲ್ಲಿ ಅನುಮಾನವೇ ಇಲ್ಲ."

ಗಡಿಯಾರದಲ್ಲಿ ಐದಕ್ಕೆ ಏಳು ನಿಮಿಷ.

"ಫಾರಂ!" ಫೋನಮ್ಮ ಚೀರಿದಳು. "ರಾಯರೇ, ನಿಮ್ಮ ಹತ್ರ ಇದೆಯಲ್ಲ, ಕೊಡಿ ಬೇಗ! ನಿಮ್ಮದಂತೂ ಚೆನ್ನಾಗಿದೆ!"

ಅವಳೇ ಅವನ ಹೆಸರನ್ನು ಹೊಡೆದುಹಾಕಿ ಮೇಲೆ ಅರ್ಜಿಯಕ್ಕನ ಹೆಸರು ಬರೆದಳು. ಸರ್ವೇಯರು ಸಹಿ ಹಾಕಿದರು, ಫೋನಮ್ಮ ಸಹಿ ಹಾಕಿದಳು. ಮೂರನೆಯ ಗೆರೆ ಖಾಲಿ ಉಳಿಯಿತು. ಅರ್ಜಿಯಕ್ಕ ಹಾಕುವ ಹಾಗಿಲ್ಲ. ಎಲ್ಲರೂ ಗೆರೆರಾಯನನ್ನು ನೋಡಿದರು.

ಅವಳ ಕಂಪ್ಯೂಟರನ್ನು ಕೊಂದವನು ತಾನೇ ಎಂದು ಅವನಿಗೊಬ್ಬನಿಗೇ ಗೊತ್ತು. ಕೊಂದವನೇ ಸಾಕ್ಷಿ ಹೇಳದೆ ನಿಂತರೆ ಹೇಗೆ? ಪೆನ್ನು ತೆಗೆದುಕೊಂಡು, ತನ್ನ ಅಂದವಾದ ಅಕ್ಷರದಲ್ಲಿ ಸಹಿ ಹಾಕಿಕೊಟ್ಟ.

ಯಜಮಾನರು ಫಾರಂ ಹಿಡಿದು ಆಚೆ ಬಂದರು. "ಸರಿ, ಇವರಿಗೆ ಹೊಸದು. ಬರೋಕೆ ಹದಿನೈದು ದಿನ ಆಗ್ಬಹುದು. ಅಲ್ಲೀವರೆಗೂ ಬೆಳಿಗ್ಗೆ ಇವರು, ಮಧ್ಯಾಹ್ನ ನೀವು, ನಿಮ್ಮ ಕಂಪ್ಯೂಟರ್‌ನ ಹಂಚ್ಕೊಳ್ಳಿ ರಾಯರೇ. ಹೇಗೂ ಕುದುರೆ ಆಗಿದೆಯಂತಲ್ಲ."

"ನಾಳೆ ಬೆಳಿಗ್ಗೆ ಕಳಿಸೋ ಒಂದೇ ಒಂದು ಅರ್ಜಿ ಇದೆ ರಾಯರೇ," ಎಂದು ಅರ್ಜಿಯಕ್ಕ ಅವನ ಕುರ್ಚಿಯಲ್ಲಿ ಕೂತಳು. ಗೆರೆರಾಯ ಪಕ್ಕದಲ್ಲಿ ನಿಂತ. ಅವಳು ಅರ್ಜಿಯನ್ನು ತೆರೆಯಲು ಒತ್ತಿದಳು. ಕಾದಳು. ಮತ್ತೆ ಒತ್ತಿದಳು. ಕೆನ್ನೆಗೆ ಕೈ ಕೊಟ್ಟು ಕೂತಳು. ಹೊರಗೆ ಎದುರಿನ ಅಂಗಡಿಯವನು ಬಾಗಿಲು ಎಳೆದು ಬೀಗ ಹಾಕಿಕೊಂಡು ಹೋದ.

"ಅಯ್ಯೋ, ಇದೇನು ಇಷ್ಟು ನಿಧಾನ!" ಎಂದು ಅವಳು ಕೊನೆಗೆ ಅವನತ್ತ ತಿರುಗಿದಳು. "ಇದನ್ನಿಟ್ಕೊಂಡು ಹೇಗೆ ಕೆಲಸ ಮಾಡ್ತಿದ್ರಿ ರಾಯರೇ? ನೀವೂ ಒಂದು ಫಾರಂ ಕೊಡ್ಬೇಕಿತ್ತು."